ಒಯ್ಯುವ ಕೆಲಸ ಯಂತ್ರದ್ದು, ಒಪ್ಪುವ ಕೆಲಸ ನಮ್ಮದು

ಬರೆಯುವುದು ಒಂದು ಕೆಲಸ. ಬರೆದುದನ್ನು ಓದುವವರ ಕೈಗೆ ಮುಟ್ಟಿಸುವುದು ಮತ್ತೊಂದು ಕೆಲಸ. ಮೊದಲನೆಯದಕ್ಕೆ ಬುದ್ಧಿ ಬೇಕು, ಎರಡನೆಯದಕ್ಕೆ ಕಾಲು ಬೇಕು ಎಂದು ಹಿಂದಿನವರು ಹೇಳಬಹುದಾಗಿತ್ತು. ಈಗ ಕಾಲಿನ ಸ್ಥಾನವನ್ನು ಬೆರಳು ತೆಗೆದುಕೊಂಡಿದೆ. ಆದರೆ ಶ್ರಮವು ತಪ್ಪಿತೆಂದು ತಿಳಿಯಬಾರದು. ಯಾವುದಾದರೊಂದು ಸಂಘಕ್ಕೆ ಕಾರ್ಯದರ್ಶಿಯಾಗಿರುವ ಗೃಹಸ್ಥರನ್ನು ಕೇಳಿ ನೋಡಿರಿ. ತಿಂಗಳಿಗೊಮ್ಮೆ ಎರಡು ಪುಟದ ಒಂದು ವೃತ್ತಾಂತಪತ್ರವನ್ನು ಅವರು ಬರೆಯುವರು. ಬರೆಯುವುದಕ್ಕೆ ಒಂದು ಸಂಜೆ ಸಾಕು. ಅನಂತರ ಅದನ್ನೇ ಸಂಘದ ಜಾಲತಾಣಕ್ಕೆ ಏರಿಸಬೇಕು. ಅದನ್ನೇ ಸದಸ್ಯರಿಗೆ ಇಮೇಲಿನಲ್ಲಿ ಕಳುಹಿಸಬೇಕು. ಅದರ ಸಾರಾಂಶವನ್ನು ಟೆಲಿಗ್ರಾಮಿನಲ್ಲಿ ಹಾಕಬೇಕು. ಒಂದು ಪ್ರತಿಯನ್ನು ಕಡತಕ್ಕೆ ಸೇರಿಸಬೇಕು. ಯಾವ ದಿನ ಯಾವುದನ್ನು ಕಳುಹಿಸಿದೆವೆಂಬುದನ್ನು ದಾಖಲೆಯಲ್ಲಿ ಗುರುತು ಹಾಕಬೇಕು. ಬರೆಹ ಒಂದೇ, ನಡೆದಾಟ ಐದು ಕಡೆಗೆ. ಐದರಲ್ಲಿ ಒಂದು ಮರೆತುಹೋಗದ ತಿಂಗಳಿಲ್ಲ. ಮರೆತುಹೋದವರಿಂದ ಆಕ್ಷೇಪಣೆ ಬಾರದ ತಿಂಗಳೂ ಇಲ್ಲ.

ಈ ಎರಡನೆಯ ಬಗೆಯ ದುಡಿಮೆಯನ್ನು ಯಂತ್ರಕ್ಕೆ ಒಪ್ಪಿಸುವ ಉಪಾಯವೊಂದು ಈಗ ಸಾಮಾನ್ಯ ಗೃಹಸ್ಥರ ಕೈಗೆಟುಕುವಂತೆ ದೊರೆತಿದೆ. ಅದಕ್ಕೆ 'ನೋ-ಕೋಡ್' ಎಂದು ಹೆಸರು. ಗಣಕಯಂತ್ರಕ್ಕೆ ಅಪ್ಪಣೆ ಕೊಡುವುದಕ್ಕಾಗಿ ಅದಕ್ಕೆ ತಿಳಿಯುವ ಭಾಷೆಯಲ್ಲಿ ಬರೆಯಬೇಕಾದ ವಾಕ್ಯಗಳಿಗೆ ಕೋಡ್ ಎನ್ನುವರು. ಅದನ್ನು ಬರೆಯಬಲ್ಲವರು ಅದಕ್ಕಾಗಿಯೇ ವರ್ಷಗಟ್ಟಲೆ ಕಲಿತವರು. ಅಂತಹ ಕೋಡನ್ನು ಒಂದಕ್ಷರವೂ ಬರೆಯದೆ, ಪಟ್ಟಿಯಿಂದ ಆರಿಸಿ, ಖಾಲಿ ಸ್ಥಳಗಳನ್ನು ತುಂಬಿ, ಒಂದು ಆ್ಯಪಿನ ಬಾಯನ್ನು ಮತ್ತೊಂದು ಆ್ಯಪಿನ ಕಿವಿಗೆ ಜೋಡಿಸಿಕೊಡುವುದೇ ಈ ಉಪಕರಣಗಳ ಕೆಲಸ. ಇವು ಹೇಗೆ ನಡೆಯುವುವು, ಇವಕ್ಕೆ ಯಾವುದನ್ನು ಒಪ್ಪಿಸಬಹುದು, ಯಾವುದನ್ನು ಒಪ್ಪಿಸಬಾರದು ಎಂಬುದನ್ನು ವಾಚಕರೊಡನೆ ವಿಚಾರಮಾಡುವುದೇ ಈ ಲೇಖನದ ಉದ್ದೇಶ.

ಇದು ಆಗಲು ಅದು ಆಗುವುದು

ಸಂಸ್ಕೃತವನ್ನು ಸ್ವಲ್ಪ ಬಲ್ಲವರಿಗೆ ಈ ಉಪಕರಣಗಳ ಮರ್ಮವನ್ನು ತಿಳಿಸುವುದು ಬಹು ಸುಲಭ. ವ್ಯಾಕರಣದಲ್ಲಿ ಸತಿಸಪ್ತಮಿ ಎಂಬ ಪ್ರಯೋಗವುಂಟಷ್ಟೆ. 'ಘಂಟಾಯಾಂ ನದಂತ್ಯಾಂ ಬಾಲಕಾಃ ಗೃಹಂ ಗಚ್ಛಂತಿ' ಎಂಬ ವಾಕ್ಯವನ್ನು ಹಲಗೆಯ ಮೇಲೆ ಬರೆದು ನಾನು ಮಕ್ಕಳಿಗೆ ಅದನ್ನು ಕಲಿಸುತ್ತಿದ್ದೆನು. ಗಂಟೆಯು ಬಾರಿಸುತ್ತಿರಲು ಹುಡುಗರು ಮನೆಗೆ ಹೋಗುವರು. ಇಲ್ಲಿ ಎರಡು ಕ್ರಿಯೆಗಳಿವೆ. ಕರ್ತೃಗಳು ಬೇರೆ ಬೇರೆ. ಒಂದರ ಆಗುವಿಕೆಯು ಮತ್ತೊಂದರ ಕಾಲವನ್ನು ಗುರುತಿಸುವುದು. ಗಂಟೆಯು ಹುಡುಗರನ್ನು ಹೊತ್ತುಕೊಂಡು ಹೋಗುವುದಿಲ್ಲ; ಹುಡುಗರು ಗಂಟೆಯನ್ನು ಬಾರಿಸಿದವರಲ್ಲ. ಆದರೂ ಮೊದಲನೆಯದು ನಡೆದಲ್ಲದೆ ಎರಡನೆಯದು ನಡೆಯುವುದಿಲ್ಲ. 'ಮಳೆ ಬರಲು ಕೆರೆ ತುಂಬಿತು' ಎಂಬಂತೆ ಕನ್ನಡದಲ್ಲಿಯೂ ಈ ಪ್ರಯೋಗವು ಸಹಜವಾಗಿರುವುದು.

ನೋ-ಕೋಡ್ ಉಪಕರಣಗಳಲ್ಲಿ ಬರೆಯುವ ನಿಯಮವೆಲ್ಲವೂ ಒಂದೊಂದು ಸತಿಸಪ್ತಮಿಯೇ ಸರಿ. 'ಹಾಳೆಯಲ್ಲಿ ಹೊಸ ಸಾಲು ಸೇರಲು, ಇಮೇಲು ಹೊರಡಲಿ.' ಮೊದಲನೆಯ ಭಾಗಕ್ಕೆ ಅವರ ಪರಿಭಾಷೆಯಲ್ಲಿ 'ಟ್ರಿಗರ್' ಎಂದೂ ಎರಡನೆಯದಕ್ಕೆ 'ಆ್ಯಕ್ಷನ್' ಎಂದೂ ಹೆಸರು. ನಾವು ನಿಮಿತ್ತ ಮತ್ತು ಕಾರ್ಯ ಎಂದು ಕರೆಯಬಹುದು. ಇವೆರಡರ ನಡುವೆ 'ಫಿಲ್ಟರ್' ಎಂಬ ಜರಡಿಯನ್ನು ಇಡುವುದಕ್ಕೂ ಅವಕಾಶವಿದೆ. ಇದು ವೈಯಾಕರಣರು ಹೇಳುವ ಅಪವಾದದಂತೆ: ಸಾಮಾನ್ಯ ವಿಧಿಯು ಎಲ್ಲಕ್ಕೂ ಅನ್ವಯಿಸುವುದು, ಆದರೆ ಇಂತಹ ಸಂದರ್ಭದಲ್ಲಿ ಮಾತ್ರ ಅನ್ವಯಿಸಕೂಡದು ಎಂದು ಹೇಳುವುದು. ನಿಮಿತ್ತ, ಜರಡಿ, ಕಾರ್ಯ ಎಂಬ ಈ ಮೂರನ್ನು ತಿಳಿದವನು ಉಪಕರಣದ ಮುಕ್ಕಾಲು ಪಾಲನ್ನು ತಿಳಿದಂತೆಯೇ.

ಕೊಳವೆಯ ಕಥೆ

ಈ ಆಲೋಚನೆಯು ನಿನ್ನೆ ಮೊನ್ನೆ ಹುಟ್ಟಿದುದಲ್ಲ. ಅಮೇರಿಕೆಯ ಬೆಲ್ ಪ್ರಯೋಗಶಾಲೆಯಲ್ಲಿದ್ದ ಡಗ್ಲಾಸ್ ಮೆಕಿಲ್‌ರಾಯ್ ಎಂಬವರು 1964ರಲ್ಲಿ ಒಂದು ಟಿಪ್ಪಣಿಯನ್ನು ಬರೆದು, ತೋಟಕ್ಕೆ ನೀರು ಹಾಯಿಸುವ ಕೊಳವೆಯ ತುಂಡುಗಳನ್ನು ತಿರುಪಿ ಜೋಡಿಸುವಂತೆ ಗಣಕದ ಕಾರ್ಯಕ್ರಮಗಳನ್ನೂ ಒಂದಕ್ಕೊಂದು ಜೋಡಿಸುವಂತಾಗಬೇಕೆಂದು ಸೂಚಿಸಿದರು. 1973ರಲ್ಲಿ ಅವರ ಸಹೋದ್ಯೋಗಿಗಳಾದ ಕೆನ್ ಥಾಂಪ್ಸನ್ನರು ಯುನಿಕ್ಸ್ ಎಂಬ ವ್ಯವಸ್ಥೆಯಲ್ಲಿ ಅದನ್ನು ನಡೆಸಿ ತೋರಿಸಿದರು. ಒಂದು ಕಾರ್ಯಕ್ರಮದ ಫಲವು ಮತ್ತೊಂದರ ಆಹಾರವಾಗಿ ಹರಿಯುವ ಆ ಏರ್ಪಾಡಿಗೆ 'ಪೈಪ್', ಎಂದರೆ ಕೊಳವೆ, ಎಂದೇ ಹೆಸರಾಯಿತು. ಆದರೆ ಅದು ಪಂಡಿತರ ಕೊಳವೆ. ಅಪ್ಪಣೆಯ ಭಾಷೆಯನ್ನು ಬಲ್ಲವರಿಗೆ ಮಾತ್ರ ದಕ್ಕುವಂತಹುದು.

ಸಾಮಾನ್ಯರಿಗಾಗಿ 2007ರಲ್ಲಿ ಯಾಹೂ ಸಂಸ್ಥೆಯವರು 'ಪೈಪ್ಸ್' ಎಂಬ ಉಪಕರಣವನ್ನು ತೆರೆದರು. ಪರದೆಯ ಮೇಲೆ ಚೌಕಗಳನ್ನಿಟ್ಟು ಅವುಗಳ ನಡುವೆ ಗೆರೆ ಎಳೆದರೆ, ಒಂದು ಕಡೆಯ ಸುದ್ದಿಯು ಮತ್ತೊಂದು ಕಡೆಗೆ ಸೋಸಿಕೊಂಡು ಬರುತ್ತಿತ್ತು. 2015ರಲ್ಲಿ ಅದನ್ನು ಮುಚ್ಚಿಬಿಟ್ಟರು. ಅಷ್ಟರಲ್ಲಿ ಬೇರೆಯವರು ಹುಟ್ಟಿಕೊಂಡಿದ್ದರು. 2011ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಐಎಫ್‌ಟಿಟಿಟಿ ಎಂಬುದು ಸಾರ್ವಜನಿಕರಿಗೆ ದೊರೆಯಿತು. 'ಇದಾದರೆ ಅದು' ಎಂಬ ಅರ್ಥದ ನಾಲ್ಕು ಇಂಗ್ಲಿಷ್ ಶಬ್ದಗಳ ಸಂಕ್ಷೇಪವೇ ಅದರ ಹೆಸರು. ಅದರಲ್ಲಿ ಬರೆಯುವ ನಿಯಮಗಳನ್ನು ಮೊದಲ ವರ್ಷಗಳಲ್ಲಿ ಪಾಕವಿಧಾನಗಳೆಂದೇ ಕರೆಯುತ್ತಿದ್ದರು. 2016ರಲ್ಲಿ ಆ ಹೆಸರನ್ನು ಬಿಟ್ಟರು. ಅದೇ 2011ರಲ್ಲಿ ಮಿಸೌರಿ ಸಂಸ್ಥಾನದ ಕೊಲಂಬಿಯಾ ಎಂಬ ಊರಿನಲ್ಲಿ ವೇಡ್ ಫಾಸ್ಟರ್, ಬ್ರಯಾನ್ ಹೆಲ್ಮಿಗ್, ಮೈಕ್ ನೂಪ್ ಎಂಬ ಮೂವರು ಸೇರಿ ಜ್ಯಾಪಿಯರ್ ಎಂಬುದನ್ನು ಆರಂಭಿಸಿದರು. ಪ್ರಾಗ್ ನಗರದಲ್ಲಿ ಹುಟ್ಟಿದ ಇಂಟೆಗ್ರೊಮ್ಯಾಟ್ ಎಂಬುದು 2022ರಲ್ಲಿ ಮೇಕ್ ಎಂದು ಹೆಸರನ್ನು ಬದಲಾಯಿಸಿಕೊಂಡಿತು. 2019ರಲ್ಲಿ ಬರ್ಲಿನ್ ನಗರದಿಂದ ಹೊರಟ ಎನ್‌ಏಟ್‌ಎನ್ ಎಂಬುದನ್ನು ಬೇಕಾದವರು ತಮ್ಮ ಸ್ವಂತ ಗಣಕದಲ್ಲಿಯೇ ಇಟ್ಟುಕೊಂಡು ನಡೆಸಬಹುದು. ಹೆಸರುಗಳು ಬೇರೆಯಾದರೂ ಇವೆಲ್ಲದರ ತತ್ತ್ವವು ಮೇಲೆ ಹೇಳಿದ ಸತಿಸಪ್ತಮಿಯೇ.

ಒಂದು ಸರಪಳಿಯ ರಚನೆ

ಕಾರ್ಯದರ್ಶಿಗಳ ವೃತ್ತಾಂತಪತ್ರವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಮೊದಲು ಗೂಗಲ್ ಶೀಟ್ಸ್ ಎಂಬ ಹಾಳೆಯಲ್ಲಿ ನಾಲ್ಕು ಅಂಕಣಗಳನ್ನು ಎಳೆಯುವುದು: ದಿನಾಂಕ, ಶೀರ್ಷಿಕೆ, ಬರೆಹ, ಸ್ಥಿತಿ. ಬರೆಹವು ಮುಗಿದೊಡನೆ ಅದನ್ನು ಒಂದು ಸಾಲಿನಲ್ಲಿ ಇಡುವುದು. ಇನ್ನು ಉಪಕರಣವನ್ನು ತೆರೆದು, ನಿಮಿತ್ತವಾಗಿ 'ಈ ಹಾಳೆಯಲ್ಲಿ ಹೊಸ ಸಾಲು' ಎಂಬುದನ್ನು ಆರಿಸುವುದು. ಮೊದಲನೆಯ ಕಾರ್ಯವಾಗಿ ವರ್ಡ್‌ಪ್ರೆಸ್ಸನ್ನು ಆರಿಸಿದರೆ, ಶೀರ್ಷಿಕೆಯ ಸ್ಥಳದಲ್ಲಿ ಹಾಳೆಯ ಯಾವ ಅಂಕಣವು ಬರಬೇಕು, ಬರೆಹದ ಸ್ಥಳದಲ್ಲಿ ಯಾವುದು ಬರಬೇಕು ಎಂದು ಕೇಳುವುದು, ನಾವು ತೋರಿಸಿಕೊಡುವುದು. ಎರಡನೆಯ ಕಾರ್ಯವು ಇಮೇಲು. ಮೂರನೆಯದು ಟೆಲಿಗ್ರಾಮ್, ಆ ಸಂಸ್ಥೆಯವರು 'ಬಾಟ್' ಎಂಬ ಯಂತ್ರಪರಿಚಾರಕರಿಗೆ 2015ರಿಂದಲೂ ಎಡೆಕೊಟ್ಟಿರುವರು. ವಾಟ್ಸ್‌ಆ್ಯಪಿನವರಾದರೋ ವ್ಯಾಪಾರದ ಖಾತೆಗಳ ಮಾರ್ಗದಿಂದ ಯಂತ್ರಗಳಿಗೆ ಬಾಗಿಲು ತೆರೆದಿದ್ದಾರೆ. ಅಲ್ಲಿ ಪಡೆಯುವವರ ಸಮ್ಮತಿಯನ್ನು ಮೊದಲೇ ತೆಗೆದುಕೊಂಡಿರಬೇಕೆಂಬುದು ನಿಯಮ. ಕಡೆಯ ಕಾರ್ಯವು ದಾಖಲೆ: ಕಳುಹಿಸಿದ ದಿನವನ್ನೂ ಗಂಟೆಯನ್ನೂ ಅದೇ ಹಾಳೆಯ ಬೇರೊಂದು ಅಂಕಣದಲ್ಲಿ ಬರೆದಿಡುವುದು.

ಇಷ್ಟನ್ನು ಜೋಡಿಸಲು ಮೊದಲ ಬಾರಿಗೆ ಒಂದು ಮಧ್ಯಾಹ್ನ ಹಿಡಿಯಬಹುದು. ಅನಂತರ ತಿಂಗಳು ತಿಂಗಳೂ ಅದು ತನ್ನಷ್ಟಕ್ಕೆ ನಡೆಯುವುದು. ಒಂದು ಸಂಗತಿ ನೆನಪಿನಲ್ಲಿರಲಿ. ಈ ಸಂಸ್ಥೆಗಳಲ್ಲಿ ಬಹುಮಟ್ಟಿಗೆ ಕಾರ್ಯಗಳನ್ನು ಎಣಿಸಿ ಶುಲ್ಕವನ್ನು ನಿಷ್ಕರ್ಷಿಸುವರು. ಸ್ವಲ್ಪ ಸಂಖ್ಯೆಯವರೆಗೆ ಧರ್ಮಾರ್ಥವಾಗಿ ಬಿಡುವರು. ಒಂದು ಬರೆಹಕ್ಕೆ ನಾಲ್ಕು ಕಾರ್ಯಗಳಾದರೆ ಲೆಕ್ಕದಲ್ಲಿ ನಾಲ್ಕು. ತಿಂಗಳಿಗೊಂದು ಪತ್ರವನ್ನು ಕಳುಹಿಸುವವರಿಗೆ ಇದು ಭಾರವಲ್ಲ. ದಿನಕ್ಕೆ ಹತ್ತು ಕಳುಹಿಸುವವರು ಮೊದಲೇ ಗುಣಿಸಿ ನೋಡಿಕೊಳ್ಳತಕ್ಕದ್ದು.

ಬಾಗಿಲು ಮತ್ತು ಬೀಗದಕೈ

ಹಾಳೆಯಲ್ಲಿ ಹೊಸ ಸಾಲು ಬಂದಿತೆಂದು ಈ ಉಪಕರಣಕ್ಕೆ ತಿಳಿಯುವುದೆಂತು? ಇದಕ್ಕೆ ಎರಡು ಮಾರ್ಗಗಳುಂಟು. ಒಂದು, ಅದು ಕೆಲವು ನಿಮಿಷಗಳಿಗೊಮ್ಮೆ ಹೋಗಿ 'ಏನಾದರೂ ಬಂದಿದೆಯೆ?' ಎಂದು ವಿಚಾರಿಸಿಕೊಂಡು ಬರುವುದು. ಮಗನ ಕಾಗದವನ್ನು ನಿರೀಕ್ಷಿಸುವ ತಂದೆಯು ದಿನದಿನವೂ ಅಂಚೆಕಚೇರಿಗೆ ಹೋಗಿ ಕೇಳುವ ಹಾಗೆ. ಮತ್ತೊಂದು, ಹೊಸದು ಬಂದೊಡನೆ ಆ ಕಡೆಯವರೇ ಸುದ್ದಿ ಮುಟ್ಟಿಸುವುದು. ಅಂಚೆಯವನು ಮನೆಯ ಬಾಗಿಲಿಗೆ ಬರುವ ಹಾಗೆ. ಇದಕ್ಕೆ 'ವೆಬ್‌ಹುಕ್' ಎಂದು ಹೆಸರು. ಮೊದಲನೆಯ ಮಾರ್ಗದಲ್ಲಿ ತುಸು ತಡವಾಗುವುದು. ಆದುದರಿಂದ ಸಾಲು ಸೇರಿಸಿದ ಮರುಕ್ಷಣವೇ ಪತ್ರವು ಹೋಗಲಿಲ್ಲವೆಂದು ಗಾಬರಿಪಟ್ಟು ಮತ್ತೊಮ್ಮೆ ಅದೇ ಸಾಲನ್ನು ಸೇರಿಸಕೂಡದು. ಸೇರಿಸಿದರೆ ಸದಸ್ಯರಿಗೆ ಒಂದೇ ಪತ್ರ ಎರಡು ಸಲ ಹೋಗುವುದು.

ಇನ್ನು ಬೀಗದಕೈಯ ಮಾತು. ನಮ್ಮ ಇಮೇಲಿನ ಮನೆಯೊಳಕ್ಕೆ ಉಪಕರಣವು ಹೋಗಬೇಕಾದರೆ ನಾವು ಅನುಮತಿ ಕೊಡಬೇಕು. ಹಿಂದೆ ಇಂತಹ ಸಂದರ್ಭಗಳಲ್ಲಿ ಗುಪ್ತಪದವನ್ನೇ ಕೊಟ್ಟುಬಿಡುತ್ತಿದ್ದರು. ಅದು ಮನೆಯ ಕೀಲಿಗೊಂಚಲನ್ನೆಲ್ಲ ಕೆಲಸದವನ ಕೈಗೆ ಕೊಟ್ಟಂತೆ. ಈಗ ಬಹುಪಾಲು ಕಡೆಗಳಲ್ಲಿ 'ಓ-ಆಥ್' ಎಂಬ ಪದ್ಧತಿ ನಡೆಯುತ್ತಿದೆ. ಅದರ ಎರಡನೆಯ ಆವೃತ್ತಿಯು 2012ರಲ್ಲಿ ನೆಲೆಗೊಂಡಿತು. ಇದರಂತೆ ಗುಪ್ತಪದವನ್ನು ಕೊಡದೆ, ಒಂದು ಕೋಣೆಯ ಒಂದು ಕೀಲಿಯನ್ನು ಮಾತ್ರ ಕೊಡಬಹುದು. ಬೇಡವಾದಾಗ ಹಿಂದಕ್ಕೆ ತೆಗೆದುಕೊಳ್ಳಬಹುದು. ಅನುಮತಿಯ ಪುಟದಲ್ಲಿ ಉಪಕರಣವು ಏನೇನನ್ನು ಕೇಳುತ್ತಿದೆಯೆಂದು ಬರೆದಿರುವುದು. ಅದನ್ನು ಓದದೆ ಒಪ್ಪಿಗೆಯನ್ನು ಒತ್ತುವುದು, ಓದದೆ ಪತ್ರಕ್ಕೆ ರುಜುಹಾಕುವುದಕ್ಕೆ ಸಮಾನ. ವರ್ಷಕ್ಕೆ ಎರಡು ಸಲವಾದರೂ ಖಾತೆಯ ಒಳಗೆ ಹೋಗಿ, ಯಾರು ಯಾರಿಗೆ ಕೀಲಿ ಕೊಟ್ಟಿರುವೆವೆಂಬ ಪಟ್ಟಿಯನ್ನು ನೋಡಿ, ಉಪಯೋಗವಿಲ್ಲದವರಿಂದ ಹಿಂದಕ್ಕೆ ಪಡೆಯುವುದು ಗೃಹಸ್ಥನ ಕರ್ತವ್ಯ. ಮೇಲಾಗಿ, ಸದಸ್ಯರ ಹೆಸರು ವಿಳಾಸ ದೂರವಾಣಿಗಳು ಕಾರ್ಯದರ್ಶಿಯ ಸೊತ್ತಲ್ಲ, ಸದಸ್ಯರದು. ಇಂತಹ ವಿವರಗಳ ರಕ್ಷಣೆಗಾಗಿ ನಮ್ಮ ಸಂಸತ್ತು 2023ರಲ್ಲಿ ಒಂದು ಕಾಯಿದೆಯನ್ನೇ ಮಾಡಿರುವುದು.

ಕನ್ನಡಿಗರು ಗಮನಿಸಬೇಕಾದ ಸಂಗತಿಗಳು

ಈ ಉಪಕರಣಗಳು ಹೊರದೇಶದಲ್ಲಿ ಹುಟ್ಟಿದುವಾದುದರಿಂದ ನಮ್ಮವರು ವಿಶೇಷವಾಗಿ ಎಚ್ಚರಿಕೆಯಿಂದಿರಬೇಕಾದ ಕೆಲವು ಸ್ಥಳಗಳಿವೆ.

ಮೊದಲನೆಯದು ಅಕ್ಷರ. ನುಡಿ, ಬರಹ ಮೊದಲಾದ ತಂತ್ರಾಂಶಗಳಲ್ಲಿ ಹಳೆಯ ಪದ್ಧತಿಯಂತೆ ಬೆರಳಚ್ಚು ಮಾಡಿದ ಕಡತಗಳು ಅನೇಕರ ಮನೆಗಳಲ್ಲಿವೆ. ಅವು ಕಣ್ಣಿಗೆ ಕನ್ನಡವಾಗಿ ಕಾಣುವುವು; ಆದರೆ ಒಳಗೆ ಇರುವುದು ರೋಮನ್ ಅಕ್ಷರಗಳ ಸಂಖ್ಯೆಗಳು. ಆ ಅಕ್ಷರವಿನ್ಯಾಸವೆಂಬ ವೇಷವನ್ನು ತೊಡಿಸಿದಾಗ ಮಾತ್ರ ಕನ್ನಡದ ರೂಪ ಬರುವುದು. ಸರಪಳಿಯಲ್ಲಿ ಹರಿಯುವುದು ಸಂಖ್ಯೆಯೇ ಹೊರತು ವೇಷವಲ್ಲ. ಆದುದರಿಂದ ಓದುವವರಿಗೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯೊಂದು ತಲುಪುವುದು. ಯುನಿಕೋಡ್ ಪದ್ಧತಿಯಲ್ಲಾದರೋ ಕನ್ನಡದ ಒಂದೊಂದು ವರ್ಣಕ್ಕೂ ತನ್ನದೇ ಆದ ಸಂಖ್ಯೆಯುಂಟು. 1991ರ ಮೊದಲನೆಯ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆಯಿತು. ಹಳೆಯ ಕಡತಗಳನ್ನು ಯುನಿಕೋಡಿಗೆ ಪರಿವರ್ತಿಸಿ, ಒತ್ತಕ್ಷರಗಳನ್ನು ಕಣ್ಣಾರೆ ನೋಡಿದ ಮೇಲೆಯೇ ಹಾಳೆಗೆ ಸೇರಿಸತಕ್ಕದ್ದು.

ಎರಡನೆಯದು ಕಾಲ. ಜಗತ್ತಿನ ಸಾಮಾನ್ಯ ಕಾಲಮಾನಕ್ಕಿಂತ ಭಾರತದ ಗಡಿಯಾರವು 5 ಗಂಟೆ 30 ನಿಮಿಷ ಮುಂದಿರುವುದು. ಉಪಕರಣವನ್ನು ಆ ಸಾಮಾನ್ಯ ಕಾಲಕ್ಕೇ ಬಿಟ್ಟು, ಬೆಳಗ್ಗೆ 6 ಗಂಟೆಗೆ ಹೊರಡಲೆಂದು ಹೇಳಿದರೆ, ಪತ್ರವು ನಮ್ಮಲ್ಲಿ 11 ಗಂಟೆ 30 ನಿಮಿಷಕ್ಕೆ ಬರುವುದು. ಬೆಳಗಿನ ಸಭೆಯ ಸೂಚನೆಯು ಸಭೆ ಮುಗಿದ ಮೇಲೆ ಬಂದರೆ ಯಾರಿಗೆ ಪ್ರಯೋಜನ? ಪ್ರಾರಂಭದಲ್ಲಿಯೇ ಕಾಲವಲಯವನ್ನು ಭಾರತಕ್ಕೆ ಹೊಂದಿಸಿಕೊಳ್ಳಬೇಕು.

ಮೂರನೆಯದು ತಾರೀಖು. ನಾವು 4/3 ಎಂದು ಬರೆದರೆ ಮಾರ್ಚಿ ತಿಂಗಳ ನಾಲ್ಕನೆಯ ದಿನ. ಅಮೇರಿಕೆಯವರಿಗೆ ಅದು ಏಪ್ರಿಲ್ ತಿಂಗಳ ಮೂರನೆಯ ದಿನ. ತಿಂಗಳ ಹೆಸರನ್ನು ಅಕ್ಷರದಲ್ಲಿ ಬರೆಯುವುದೇ ಕ್ಷೇಮ.

ನಾಲ್ಕನೆಯದು ಹಬ್ಬ. ಹುಟ್ಟಿದ ದಿನವನ್ನು ಇಂಗ್ಲಿಷ್ ತಾರೀಖಿನಂತೆ ಎಣಿಸುವವರಿಗೆ 'ಪ್ರತಿ ವರ್ಷ ಇದೇ ದಿನ' ಎಂಬ ನಿಯಮವು ಸರಿಹೊಂದುವುದು. ಯುಗಾದಿಗೆ ಹೊಂದುವುದಿಲ್ಲ. 2024ರಲ್ಲಿ ಯುಗಾದಿಯು ಏಪ್ರಿಲ್ 9ರಂದು ಬಂದಿತು. 2025ರಲ್ಲಿ ಮಾರ್ಚ್ 30ರಂದು. 2026ರಲ್ಲಿ ಮಾರ್ಚ್ 19ರಂದು. ಚಾಂದ್ರಮಾನವನ್ನು ಅನುಸರಿಸುವ ಹಬ್ಬಗಳಿಗೂ ಹಿರಿಯರ ತಿಥಿಗಳಿಗೂ ವರ್ಷಾರಂಭದಲ್ಲಿ ಪಂಚಾಂಗವನ್ನು ನೋಡಿ ತಾರೀಖುಗಳನ್ನು ಹಾಳೆಯಲ್ಲಿ ಬರೆದಿಡಬೇಕು. ಜೋಯಿಸರ ಕೆಲಸವನ್ನು ಈ ಉಪಕರಣವು ಮಾಡಲಾರದು.

ತರ್ಕದವರು ಹೇಳಿದ ದೋಷಗಳು

ನ್ಯಾಯಶಾಸ್ತ್ರವನ್ನು ಓದಿದವರಿಗೆ ಅನವಸ್ಥೆ, ಅನ್ಯೋನ್ಯಾಶ್ರಯ ಎಂಬ ದೋಷಗಳು ಪರಿಚಿತವಾದುವು. ಒಂದಕ್ಕೆ ಮತ್ತೊಂದು, ಆ ಮತ್ತೊಂದಕ್ಕೆ ಇನ್ನೊಂದು ಎಂದು ಕೊನೆಯಿಲ್ಲದೆ ಹೋಗುವುದು ಅನವಸ್ಥೆ. ಎರಡು ಒಂದನ್ನೊಂದು ಆಶ್ರಯಿಸಿಕೊಂಡು ನಿಲ್ಲುವುದು ಅನ್ಯೋನ್ಯಾಶ್ರಯ. ಗ್ರಂಥಗಳಲ್ಲಿ ಓದುವಾಗ ಇವು ಪಂಡಿತರ ವಾಗ್ವಾದಕ್ಕೆ ಮಾತ್ರ ಬೇಕಾದುವೆಂದು ತೋರುವುವು. ಆದರೆ ಈ ಉಪಕರಣಗಳಲ್ಲಿ ಅವು ಪ್ರತ್ಯಕ್ಷವಾಗಿ ಸಂಭವಿಸುವುವು. 'ನನಗೆ ಇಮೇಲು ಬರಲು, ಹಾಳೆಯಲ್ಲಿ ಒಂದು ಸಾಲು ಸೇರಲಿ' ಎಂಬುದು ಒಂದು ನಿಯಮ. 'ಹಾಳೆಯಲ್ಲಿ ಸಾಲು ಸೇರಲು, ನನಗೆ ಇಮೇಲು ಬರಲಿ' ಎಂಬುದು ಮತ್ತೊಂದು. ಒಂದೊಂದೂ ನಿರ್ದುಷ್ಟವೇ, ಎರಡನ್ನೂ ಒಟ್ಟಿಗೆ ಬಿಟ್ಟರೆ ಇಮೇಲು ಸಾಲನ್ನು ಹಡೆಯುವುದು, ಸಾಲು ಇಮೇಲನ್ನು ಹಡೆಯುವುದು, ರಾತ್ರಿ ಮಲಗಿ ಬೆಳಗ್ಗೆ ಏಳುವಷ್ಟರಲ್ಲಿ ತಿಂಗಳ ಲೆಕ್ಕವೆಲ್ಲ ಮುಗಿದಿರುವುದು. ಹೊಸ ನಿಯಮವನ್ನು ಬರೆಯುವ ಮೊದಲು ಹಳೆಯ ನಿಯಮಗಳನ್ನೆಲ್ಲ ಒಂದು ಕಾಗದದ ಮೇಲೆ ಬರೆದು, ಬಾಣದ ಗುರುತುಗಳಿಂದ ಸೇರಿಸಿ, ಎಲ್ಲಿಯಾದರೂ ಬಾಣವು ಹೊರಟ ಸ್ಥಳಕ್ಕೇ ಹಿಂದಿರುಗುವುದೇ ಎಂದು ಪರೀಕ್ಷಿಸಿದರೆ ಈ ದೋಷವು ತಪ್ಪುವುದು.

ಮತ್ತೊಂದು ದೋಷವು ಮೌನ. ಮನುಷ್ಯನು ಕೆಲಸ ತಪ್ಪಿಸಿದರೆ ಯಾರಾದರೂ ಅವನನ್ನು ಕೇಳುವರು. ಗುಪ್ತಪದವು ಬದಲಾದುದರಿಂದಲೋ ಹಾಳೆಯ ಅಂಕಣದ ಹೆಸರನ್ನು ಯಾರೋ ತಿದ್ದಿದುದರಿಂದಲೋ ಸರಪಳಿಯು ಕಡಿದರೆ, ನಡೆಯುತ್ತಿದೆಯೆಂದೇ ನಾವು ನಂಬಿಕೊಂಡಿರುವೆವು. ತಪ್ಪಾದಾಗ ಸುದ್ದಿ ಕೊಡುವ ಏರ್ಪಾಡು ಈ ಉಪಕರಣಗಳಲ್ಲಿದೆ. ಅದನ್ನು ಚಾಲೂ ಮಾಡಿಟ್ಟು, ಕಳುಹಿಸುವವರ ಪಟ್ಟಿಯಲ್ಲಿ ತಮ್ಮ ಹೆಸರನ್ನೂ ಸೇರಿಸಿಕೊಂಡಿರಬೇಕು. ತಮಗೇ ಪತ್ರವು ಬಾರದಿದ್ದರೆ ಯಾರಿಗೂ ಹೋಗಿಲ್ಲವೆಂದು ತಿಳಿಯುವುದು.

ಯಾರು ಕಳುಹಿಸಿದರು?

ಇದುವರೆಗೆ ಹೇಳಿದುವು ಕೈಯ ದೋಷಗಳು, ತಿದ್ದಿಕೊಳ್ಳಬಹುದು. ಇನ್ನು ಮನಸ್ಸಿಗೆ ಸಂಬಂಧಪಟ್ಟ ಒಂದು ಸಂಗತಿಯನ್ನು ಹೇಳಬೇಕಾಗಿದೆ.

ನಾನು ಬಲ್ಲ ನಿವೃತ್ತ ಉಪಾಧ್ಯಾಯರ ಕೂಟವೊಂದುಂಟು. ಕಾರ್ಯದರ್ಶಿಗಳ ಮೊಮ್ಮಗಳು ಅವರಿಗಾಗಿ ಇಂತಹ ಸರಪಳಿಯನ್ನು ಜೋಡಿಸಿಕೊಟ್ಟಿದ್ದಳು. ಪತ್ರವೂ ದಾಖಲೆಯೂ ಸುಸೂತ್ರವಾಗಿ ನಡೆಯುತ್ತಿದ್ದುವು. ಅದರ ಜೊತೆಗೆ ಸದಸ್ಯರ ಹುಟ್ಟುಹಬ್ಬದ ದಿನ ಬೆಳಗ್ಗೆ 7 ಗಂಟೆಗೆ ಕಾರ್ಯದರ್ಶಿಗಳ ಹೆಸರಿನಲ್ಲಿ ಶುಭಾಶಯದ ಇಮೇಲು ಹೋಗುವಂತೆಯೂ ಮಾಡಿದ್ದಳು. ಸದಸ್ಯರಿಗೆ ಅದು ಬಹಳ ಸಂತೋಷವನ್ನು ಕೊಟ್ಟಿತ್ತು. ವಯಸ್ಸಾದವರ ಹುಟ್ಟಿದ ದಿನವನ್ನು ನೆನೆಯುವವರು ಎಷ್ಟು ಮಂದಿ?

ಒಂದು ವರ್ಷ ಹಿರಿಯ ಸದಸ್ಯರೊಬ್ಬರು ತೀರಿಕೊಂಡರು. ಅವರ ನಿಧನದ ಸುದ್ದಿಯೂ ಇದೇ ಸರಪಳಿಯ ಮೂಲಕವೇ ಎಲ್ಲರಿಗೂ ಮುಟ್ಟಿತು. ಮೂರು ವಾರಗಳಾದ ಮೇಲೆ ಅವರ ಹುಟ್ಟುಹಬ್ಬದ ದಿನ ಬಂದಿತು. ಬೆಳಗ್ಗೆ 7 ಗಂಟೆಗೆ, ನೂರ್ಕಾಲ ಬಾಳಬೇಕೆಂಬ ಹಾರೈಕೆಯು ಅವರ ಫೋನಿಗೆ ತಲುಪಿತು. ಫೋನು ಅವರ ಪತ್ನಿಯ ಕೈಯಲ್ಲಿತ್ತು.

ಆ ತಾಯಿ ಕೋಪಿಸಿಕೊಳ್ಳಲಿಲ್ಲ. ಕಾರ್ಯದರ್ಶಿಗಳನ್ನು ಕರೆದು, "ಮೇಷ್ಟ್ರೇ, ಇದನ್ನು ಯಾರು ಕಳುಹಿಸಿದರು?" ಎಂದು ಮಾತ್ರ ಕೇಳಿದರು. ಅವರು ನಡೆದುದನ್ನು ನಡೆದಂತೆಯೇ ಹೇಳಿದರು: "ಯಾರೂ ಕಳುಹಿಸಲಿಲ್ಲ ತಾಯಿ, ಅದು ತಾನಾಗಿಯೇ ಹೋಯಿತು." ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಇಷ್ಟು ವರ್ಷ ಬಂದದ್ದೂ ಹಾಗೆಯೇ ಏನು?" ಎಂದರು. ಈ ಪ್ರಶ್ನೆಗೆ ಅವರಲ್ಲಿ ಉತ್ತರವಿರಲಿಲ್ಲ.

ವಾಚಕರು ಇಲ್ಲಿ ಸೂಕ್ಷ್ಮವಾಗಿ ಯೋಚಿಸಬೇಕು. ಯಂತ್ರವು ತಪ್ಪಿದುದಲ್ಲ. ನಿಯಮವನ್ನು ಅದು ಅಕ್ಷರಶಃ ಪಾಲಿಸಿತು. ಹುಟ್ಟಿದ ದಿನವು ಬರಲು, ಶುಭಾಶಯವು ಹೋಗಲಿ ಎಂದು ಹೇಳಿದ್ದರು, ಹೋಯಿತು. ನಿಧನವಾರ್ತೆಯನ್ನು ಒಯ್ದ ಕೈಯೇ ಶುಭಾಶಯವನ್ನೂ ಒಯ್ದಿತು. ಒಂದರ ಅರ್ಥವು ಮತ್ತೊಂದಕ್ಕೆ ತಿಳಿಯಲಿಲ್ಲ. ಅಂಚೆಯವನು ಲಕೋಟೆಯ ಒಳಗಿರುವುದನ್ನು ಅರಿಯನಾದರೂ, ಸಾವಾದ ಮನೆಯ ಬಾಗಿಲಲ್ಲಿ ದನಿಯನ್ನು ತಗ್ಗಿಸಿ ಕರೆಯುವನು. ಯಂತ್ರಕ್ಕೆ ಬಾಗಿಲೆಲ್ಲ ಒಂದೇ.

ಅಲ್ಲದೆ ಆ ತಾಯಿಯ ಎರಡನೆಯ ಪ್ರಶ್ನೆಯು ಮೊದಲನೆಯದಕ್ಕಿಂತಲೂ ಭಾರವಾದುದು. ಶುಭಾಶಯದ ಬೆಲೆ ಅದರ ಶಬ್ದಗಳಲ್ಲಿರುವುದಿಲ್ಲ; ಒಬ್ಬನು ನಮ್ಮನ್ನು ನೆನೆದನೆಂಬುದರಲ್ಲಿರುವುದು. ನೆನೆದವನೇ ಇಲ್ಲವೆಂದಮೇಲೆ ಉಳಿದುದು ಬರಿಯ ಶಬ್ದ. ಒಂದು ತಪ್ಪು ಪತ್ರವು ಹಿಂದಿನ ಸರಿಯಾದ ಪತ್ರಗಳ ಬೆಲೆಯನ್ನೂ ಕಳೆದುಬಿಟ್ಟಿತು.

ಅನಂತರ ಆ ಕೂಟದವರು ಮಾಡಿದ ತಿದ್ದುಪಡಿಯು ಬಹು ಸಣ್ಣದು, ಆದರೆ ಅನುಕರಣೀಯವಾದುದು. ಈಗ ಯಂತ್ರವು ಸದಸ್ಯರಿಗೆ ಶುಭಾಶಯವನ್ನು ಕಳುಹಿಸುವುದಿಲ್ಲ. ಹಿಂದಿನ ದಿನ ಸಂಜೆ ಕಾರ್ಯದರ್ಶಿಗಳಿಗೆ, 'ನಾಳೆ ಇಂಥವರ ಹುಟ್ಟುಹಬ್ಬ' ಎಂದು ನೆನಪುಮಾಡಿಕೊಡುವುದು. ಅವರು ಬೆಳಗ್ಗೆ ತಾವೇ ಫೋನು ಮಾಡಿ ಎರಡು ಮಾತನಾಡುವರು. ವೃತ್ತಾಂತಪತ್ರಕ್ಕೂ ಹೀಗೆಯೇ. ಹಾಳೆಯಲ್ಲಿ ಸಾಲು ಸೇರಿದ ಮಾತ್ರಕ್ಕೆ ಅದು ಹೊರಡುವುದಿಲ್ಲ. ಜಾಲತಾಣದಲ್ಲಿ ಕರಡಾಗಿ ನಿಲ್ಲುವುದು. ಕಾರ್ಯದರ್ಶಿಗಳು ಓದಿ, ಸ್ಥಿತಿಯೆಂಬ ಅಂಕಣದಲ್ಲಿ 'ಆಗಬಹುದು' ಎಂದು ಬರೆಯಲು, ಆಗ ಮಾತ್ರ ಮುಂದಿನ ಕಾರ್ಯಗಳು ನಡೆಯುವುವು. ಒಂದು ಶಬ್ದವನ್ನು ಬರೆಯುವ ಶ್ರಮವಷ್ಟೇ ಹೆಚ್ಚಾಯಿತು. ಆದರೆ ಆ ಒಂದು ಶಬ್ದದ ಹಿಂದೆ ಈಗ ಒಬ್ಬ ಮನುಷ್ಯನು ಇರುವನು.

ಒಪ್ಪಿಸತಕ್ಕುದು, ಒಪ್ಪಿಸಬಾರದುದು

ಇದರಿಂದ ಒಂದು ವಿವೇಕವು ಹೊರಡುವುದು. ನಕಲು ಮಾಡುವುದು, ಒಂದೆಡೆಯಿಂದ ಮತ್ತೊಂದೆಡೆಗೆ ಒಯ್ಯುವುದು, ಕಡತದಲ್ಲಿ ಜೋಡಿಸುವುದು, ದಾಖಲೆ ಬರೆಯುವುದು, ನೆನಪುಮಾಡುವುದು, ಇವೆಲ್ಲವನ್ನೂ ನಿಸ್ಸಂಕೋಚವಾಗಿ ಯಂತ್ರಕ್ಕೆ ಒಪ್ಪಿಸಬಹುದು. ಇವುಗಳಲ್ಲಿ ಮನುಷ್ಯನಿಗಿಂತ ಅದೇ ಮೇಲು. ಅದಕ್ಕೆ ಬೇಸರವಿಲ್ಲ, ಮರೆವಿಲ್ಲ. ಆದರೆ ಸಂತಾಪವಾಗಲಿ, ಶುಭಾಶಯವಾಗಲಿ, ಹಣದ ಬೇಡಿಕೆಯಾಗಲಿ, ಇನ್ನೊಬ್ಬರ ಹೆಸರೆತ್ತಿ ಹೇಳುವ ಯಾವ ಮಾತೇ ಆಗಲಿ, ಒಬ್ಬರ ಕಣ್ಣು ಹಾಯದೆ ಹೊರಡಕೂಡದು. ಬರೆಹವು ಮೊದಲ ಬಾರಿಗೆ ಹೊರಬೀಳುವ ಕ್ಷಣವಂತೂ ಬರೆದವನ ಕೈಯಲ್ಲಿಯೇ ಇರಬೇಕು. ಅಚ್ಚಾದ ಪುಸ್ತಕಕ್ಕೆ ಒಪ್ಪೋಲೆಯನ್ನು ಸೇರಿಸಬಹುದು. ನೂರು ಮನೆಗಳಿಗೆ ಹೋದ ಇಮೇಲನ್ನು ಹಿಂದಕ್ಕೆ ಕರೆಯಲಾಗುವುದಿಲ್ಲ.

ಈಚೆಗೆ ಈ ಸರಪಳಿಗಳ ನಡುವೆ ಕೃತಕ ಬುದ್ಧಿಯ ಕೊಂಡಿಯನ್ನೂ ಸೇರಿಸುತ್ತಿರುವರು. ಬರೆಹವನ್ನು ಕೊಟ್ಟರೆ ಅದು ಸಾರಾಂಶವನ್ನು ಬರೆದುಕೊಡುವುದು. ವಿಷಯವನ್ನು ಕೊಟ್ಟರೆ ಬರೆಹವನ್ನೇ ಬರೆದುಕೊಡುವುದು. ಇಲ್ಲಿ ಎಚ್ಚರಿಕೆಯು ಇಮ್ಮಡಿಯಾಗಿರಬೇಕು. ಹಿಂದಿನ ಕೊಂಡಿಗಳು ನಾವು ಕೊಟ್ಟುದನ್ನು ಕೊಟ್ಟಂತೆಯೇ ಒಯ್ಯುತ್ತಿದ್ದುವು. ಈ ಕೊಂಡಿಯು ನಾವು ಹೇಳದ ಮಾತನ್ನೂ ನಮ್ಮ ಹೆಸರಿನಲ್ಲಿ ಹೇಳಬಲ್ಲುದು. ಅದರ ಮುಂದೆ ಒಪ್ಪಿಗೆಯ ಅಂಕಣವಿಲ್ಲದೆ ಯಾವ ಗೃಹಸ್ಥನೂ ತನ್ನ ಹೆಸರನ್ನು ಅದಕ್ಕೆ ಕೊಡಬಾರದು.

ಇನ್ನೆರಡು ಮಾತುಗಳು. ಯಾಹೂ ಸಂಸ್ಥೆಯಂತಹ ದೊಡ್ಡವರೂ ತಮ್ಮ ಕೊಳವೆಯನ್ನು ಮುಚ್ಚಿದುದನ್ನು ಮೇಲೆ ಹೇಳಿದೆನು. ಆದುದರಿಂದ ಮೂಲಬರೆಹವು ಯಾವಾಗಲೂ ನಮ್ಮ ಮನೆಯಲ್ಲಿರಬೇಕು. ಕೊಳವೆ ಒಡೆದರೆ ಬೇರೊಂದನ್ನು ಹಾಕಿಸಬಹುದು, ಬಾವಿಯೇ ಪರರದಾದರೆ ಕಷ್ಟ. ಎರಡನೆಯದಾಗಿ, ಸರಪಳಿಯಲ್ಲಿ ಯಾವ ನಿಯಮಗಳಿವೆ, ಖಾತೆ ಯಾರ ಹೆಸರಿನಲ್ಲಿದೆ, ನಿಲ್ಲಿಸಬೇಕಾದರೆ ಎಲ್ಲಿ ಒತ್ತಬೇಕು ಎಂಬುದನ್ನು ಒಂದು ಪುಟದಲ್ಲಿ ಕನ್ನಡದಲ್ಲಿ ಬರೆದು ಸಂಘದ ಪುಸ್ತಕದೊಳಗೆ ಇಟ್ಟಿರಬೇಕು. ಜೋಡಿಸಿಕೊಟ್ಟ ಹುಡುಗಿಯು ನಾಳೆ ಓದಿಗೋ ಉದ್ಯೋಗಕ್ಕೋ ಪರಸ್ಥಳಕ್ಕೆ ಹೋಗುವಳು. ನಿಯಮವು ಮಾತ್ರ ನಡೆಯುತ್ತಲೇ ಇರುವುದು.

ಹೊಸದಾಗಿ ಆರಂಭಿಸುವವರು ಮೊದಲನೆಯ ವಾರದಲ್ಲಿ ಕಳುಹಿಸುವವರ ಪಟ್ಟಿಯಲ್ಲಿ ತಮ್ಮೊಬ್ಬರ ಹೆಸರನ್ನೇ ಇಟ್ಟುಕೊಂಡು ಪರೀಕ್ಷಿಸಲಿ. ಒತ್ತಕ್ಷರಗಳು ಸರಿಯಾಗಿ ಬಂದುವೆ, ಹೊತ್ತಿಗೆ ಸರಿಯಾಗಿ ಬಂದಿತೆ, ಎರಡು ಸಲ ಬರಲಿಲ್ಲವಷ್ಟೆ ಎಂದು ನೋಡಿಕೊಂಡ ಮೇಲೆ ಇತರರನ್ನು ಸೇರಿಸಲಿ. ಉಪಕರಣವನ್ನು ಕಂಡು ಹೆದರಬೇಕಾದುದಿಲ್ಲ; ಅರುವತ್ತಾದವರೂ ಕಲಿಯಬಹುದಾದಷ್ಟು ಸುಲಭವಾಗಿದೆ. ಅದು ಉಳಿಸಿಕೊಟ್ಟ ಹೊತ್ತಿನಲ್ಲಿ ಇನ್ನೊಂದು ಸಲ ಬರೆಹವನ್ನು ಓದಿ ತಿದ್ದುವುದು, ಬಹುದಿನದಿಂದ ಕಾಣದ ಸ್ನೇಹಿತರ ಮನೆಗೆ ಹೋಗಿಬರುವುದು ನಮ್ಮಿಂದ ಆಗುವುದಾದರೆ ಯಂತ್ರವು ಸಾರ್ಥಕವಾಯಿತೆಂದೇ ಹೇಳಬಹುದು. ಪತ್ರದ ಕೆಳಗೆ ಯಾರ ಹೆಸರು ಇರುವುದೋ ಅವರು ಅದನ್ನು ಒಂದು ಸಲವಾದರೂ ಓದಿರಬೇಕು. ಇಷ್ಟನ್ನು ವ್ರತದಂತೆ ಪಾಲಿಸಿದರೆ ಸಾಕು.